ಆರಿದ್ರಾ ಮಳೆಗೂ ಪುನರ್ವಸು ಮಳೆಗೂ ನಡುವೆ

ಆ ವರ್ಷಗಳಲ್ಲಿ ನಾನು ರೋಣದ ಒಂದು ಕಾಲೇಜಿನಲ್ಲಿ ಅರೆಕಾಲಿಕ ಉಪನ್ಯಾಸಕಿಯಾಗಿದ್ದೆ. ಸಂಖ್ಯಾಶಾಸ್ತ್ರ ಕಲಿಸುತ್ತಿದ್ದೆ. ಮನೆ ಗಜೇಂದ್ರಗಡದಲ್ಲಿ. ಅಬ್ಬಾನ ತಗಡಿನ ಅಂಗಡಿ ಬಸ್ ಸ್ಟ್ಯಾಂಡಿಗೆ ಹತ್ತಿರವೇ ಇತ್ತು. ಡಬ್ಬಿ, ಲಾಳಿಕೆ, ಎಣ್ಣೆ ಅಳೆಯುವ ಮಾಪು, ಹಿಟ್ಟಿನ ಜರಡಿ, ಎಲ್ಲವನ್ನೂ ಅಬ್ಬಾ ಕೈಯಿಂದಲೇ ಮಾಡುತ್ತಿದ್ದ. ನಾನು ಬೆಳಿಗ್ಗೆ ರೋಣದ ಬಸ್ಸು ಹಿಡಿಯುವ ಮೊದಲು ಅಂಗಡಿಯ ಬಾಗಿಲು ತೆಗೆದು, ಕಸ ಹೊಡೆದು, ಅವನಿಗೆ ಚಹಾ ಕೊಟ್ಟು ಹೋಗುವುದು ರೂಢಿ. ಮನೆಯಲ್ಲಿ ನಾವು ಆಡುವುದು ಉರ್ದು. ಆದರೆ ಅಂಗಡಿಗೆ ಬಂದರೆ ಅಬ್ಬಾ ನನ್ನ ಹತ್ತಿರವೂ ಕನ್ನಡದಲ್ಲೇ ಮಾತಾಡುತ್ತಿದ್ದ. ಗಿರಾಕಿಗಳ ಎದುರು ಅವರಿಗೆ ತಿಳಿಯದ ಮಾತು ಆಡಬಾರದು ಎಂಬುದು ಅವನ ಶಿಸ್ತು.

ಕಾಲೇಜಿನ ಕೆಲಸದ ಜೊತೆಗೇ ನಾನು ಧಾರವಾಡಕ್ಕೆ ಹೋಗಿಬಂದು ಎಂ.ಫಿಲ್. ಮಾಡುತ್ತಿದ್ದೆ. ವಿಷಯ ಬದಲಾವಣೆಯ ಬಿಂದು. ಹೆಸರು ಭಾರವಾಗಿದ್ದರೂ ಸಂಗತಿ ಸರಳ. ಒಂದು ಸಾಲಿನಲ್ಲಿ ಬಹಳ ದಿನಗಳ ಸಂಖ್ಯೆಗಳಿವೆ ಎನ್ನೋಣ. ಅವು ಒಂದು ಮಟ್ಟದ ಸುತ್ತ ಮೇಲೆ ಕೆಳಗೆ ಆಡುತ್ತಿರುತ್ತವೆ. ನಡುವೆ ಎಲ್ಲೋ ಆ ಮಟ್ಟವೇ ಬದಲಾಗುತ್ತದೆ. ಯಾವಾಗ ಬದಲಾಯಿತು ಎಂಬುದು ನಮಗೆ ಗೊತ್ತಿಲ್ಲ. ಮೊದಲು ಮಟ್ಟ ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂಬುದೂ ಗೊತ್ತಿಲ್ಲ. ಈ ಎಲ್ಲವನ್ನೂ ಆ ಸಂಖ್ಯೆಗಳ ಬಾಯಿಂದಲೇ ಹೇಳಿಸಬೇಕು. ಪುಸ್ತಕಗಳಲ್ಲಿ ಇದಕ್ಕೆ ಬೇಕಾದಷ್ಟು ಸೂತ್ರಗಳಿದ್ದವು. ನಾನು ಅವನ್ನು ಬಾಯಿಪಾಠ ಮಾಡಿದ್ದೆ.

ಗೈಡ್ ಸರ್ ನನ್ನ ಮೊದಲ ಅಧ್ಯಾಯ ಓದಿ ಕನ್ನಡಕ ತೆಗೆದರು.

"ಎಲ್ಲಾ ಚಲೋ ಐತಿ. ಆದ್ರ ಈ ಉದಾಹರಣಿ ಯಾವುದೋ ದೇಶದ ನದೀದು. ನೀವು ಆ ನದಿ ನೋಡೀರೇನು?"

"ಇಲ್ರಿ ಸರ್."

"ಮತ್ತ? ನಿಮ್ಮ ಸೀಮಿಯೊಳಗ ಏನೂ ಬದಲಾಗಿಲ್ಲೇನು? ನಿಮ್ಮದ ಒಂದ ಲೆಕ್ಕ ತಗೊಂಡ ಬರ್ರಿ."

ಬಸ್ಸಿನಲ್ಲಿ ಮರಳುವಾಗ ನಾನು ಯೋಚಿಸಿದ್ದು ಅದನ್ನೇ. ನಮ್ಮ ಎರೆಭೂಮಿಯಲ್ಲಿ ದಿನಾಲೂ ಯಾರಾದರೂ ಅಳೆದು ಬರೆದಿಡುವ ವಸ್ತು ಯಾವುದು? ಮಳೆ. ಅದು ಹೊಳೆದ ಕೂಡಲೆ ಮುಂದಿನದು ಓಡಾಟದ ಕೆಲಸವಷ್ಟೇ ಆಯಿತು. ರೋಣ, ನರಗುಂದ, ಗಜೇಂದ್ರಗಡ, ಈ ಮೂರೂ ಕಡೆಯ ಮಳೆಯ ಪಟ್ಟಿಗಳನ್ನು ಕೈಯಿಂದ ನಕಲು ಮಾಡಿಕೊಂಡೆ. ಯಾವಗಲ್ ಮೇಲಿನಿಂದ ನರಗುಂದಕ್ಕೆ ಎಷ್ಟು ಸಲ ಹೋದೆನೋ ಲೆಕ್ಕವಿಲ್ಲ. ಕಂಡಕ್ಟರು ನನ್ನನ್ನು ನೋಡಿದರೆ ಕೇಳದೆಯೇ ಟಿಕೆಟ್ ಹರಿಯುತ್ತಿದ್ದ. ನಾಲ್ಕನೆಯ ಮಳೆಮಾಪಕ ಈ ಮೂರೂರುಗಳ ನಡುವಿನ ಒಂದು ಹಳ್ಳಿಯ ಕಚೇರಿಯ ಅಂಗಳದಲ್ಲಿತ್ತು. ಆ ಊರು ಯಾವುದು, ಕಚೇರಿ ಯಾವುದು ಎಂದು ಇಲ್ಲಿ ಬರೆಯುವುದಿಲ್ಲ. ಅಲ್ಲಿಯವರು ಆಮೇಲೆ ನಡೆದುಕೊಂಡ ರೀತಿಗೆ ನಾನು ಅಷ್ಟಾದರೂ ಮಾಡಬೇಕು.

ಪಟ್ಟಿಗಳು ಸೇರಿದ ಮೇಲೆ ಮಾಡಿದ ಲೆಕ್ಕ ಇಷ್ಟು. ಆ ನಾಲ್ಕನೆಯ ಊರಿನ ವರ್ಷದ ಮಳೆಯನ್ನು ಉಳಿದ ಮೂರೂರ ಸರಾಸರಿಯಿಂದ ಭಾಗಿಸಿದೆ. ಮಳೆ ಹೆಚ್ಚಾದ ವರ್ಷ ನಾಲ್ಕೂ ಕಡೆ ಹೆಚ್ಚು, ಕಡಿಮೆಯಾದ ವರ್ಷ ನಾಲ್ಕೂ ಕಡೆ ಕಡಿಮೆ. ಹಾಗಾಗಿ ಈ ಅನುಪಾತ ಒಂದರ ಆಸುಪಾಸಿನಲ್ಲೇ ಇರಬೇಕು. ಬಹಳ ವರ್ಷ ಹಾಗೆಯೇ ಇತ್ತು. ಆಮೇಲೆ ಒಂದು ವರ್ಷದಿಂದ ಮೆಟ್ಟಿಲು ಇಳಿದ ಹಾಗೆ ಕೆಳಗೆ ಬಂದು ಅಲ್ಲೇ ನಿಂತುಬಿಟ್ಟಿತ್ತು. ಗ್ರಾಫ್ ಹಾಳೆಯ ಮೇಲೆ ಅದನ್ನು ಕಂಡಾಗ ನನಗಾದ ಖುಷಿ ಹೇಳತೀರದು. ಪುಸ್ತಕದಲ್ಲಿ ಬರೆದಿದ್ದ ಚಿತ್ರವೇ ನಮ್ಮ ಜೋಳದ ಹೊಲಗಳ ಮೇಲೆ ಬಂದು ನಿಂತಿತ್ತು. ಅಂಗಡಿಗೆ ಓಡಿ ಅಬ್ಬಾನಿಗೆ ತೋರಿಸಿದೆ.

"ಏನ ಇದು?" ಎಂದ.

"ಆ ಊರಾಗ ಮಳಿ ಒಮ್ಮಿಗೇ ಕಡಿಮ್ಯಾಗೇತಿ ನೋಡಬ್ಬಾ."

"ಒಂದೂರಾಗಷ್ಟ? ಬಾಜೂ ಊರಾಗ ಇಲ್ಲ?" ಎಂದು ತಲೆ ಅಲ್ಲಾಡಿಸಿ, ಅಬ್ಬಾ ಮತ್ತೆ ಕತ್ತರಿ ಹಿಡಿದ. ಅವನ ಆ ಒಂದು ಪ್ರಶ್ನೆಯಲ್ಲೇ ಎಲ್ಲಾ ಇತ್ತು. ನಾನು ನನ್ನ ಚಿತ್ರದ ಚೆಲುವು ನೋಡಿಕೊಂಡು ನಿಂತಿದ್ದೆ, ಕೇಳಿಸಿಕೊಳ್ಳಲಿಲ್ಲ.

ಇದಾದ ಮೇಲೆ ನಾನು ಮಾಡಿದ ತಪ್ಪನ್ನು ಇಂದಿಗೂ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಪಟ್ಟಿ ಕೊಟ್ಟ ಉಪಕಾರಕ್ಕೆ ಧನ್ಯವಾದ ಹೇಳಿ ಬರೋಣವೆಂದು ಆ ಕಚೇರಿಗೆ ಹೋದವಳು, ಗ್ರಾಫಿನ ಒಂದು ಪ್ರತಿಯನ್ನು ಅಲ್ಲಿಯ ಸಾಹೇಬರ ಮೇಜಿನ ಮೇಲೆ ಹೆಮ್ಮೆಯಿಂದ ಹಾಸಿದೆ. ಸಾಹೇಬರು ಹೊಸದಾಗಿ ಬಂದವರು. ಚುರುಕು ಮನುಷ್ಯ, ಕೆಲಸದಲ್ಲಿ ಕಟ್ಟುನಿಟ್ಟು. ಮೆಟ್ಟಿಲು ಇಳಿದ ಜಾಗಕ್ಕೆ ಬೆರಳಿಟ್ಟು, "ಇದು ಯಾವ ವರ್ಷ?" ಎಂದು ಕೇಳಿದರು. ಹೇಳಿದೆ. ಅವರು ಹಿಂದೆ ಕುಳಿತಿದ್ದ ಗುಮಾಸ್ತರ ಕಡೆ ತಿರುಗಿದರು.

"ನಾ ಹೇಳಿರ್ಲಿಲ್ಲೇನ್ರಿ? ಹೆಂಡ್ತಿ ತೀರಿಕೊಂಡ ವರ್ಷದಿಂದ ಅಜ್ಜ ಮನ್ಯಾಗ ಕುಂತ ಮಳಿ ಬರಿಯಾಕ ಹತ್ಯಾನ ಅಂತ ಮಂದಿ ಅಂತಾರ. ಈಗ ಮೇಡಮ್ಮಾರ ಲೆಕ್ಕಾನೂ ಅದನ್ನ ಹೇಳ್ತದ."

ಆ ಅಜ್ಜನನ್ನು ನಾನು ಒಂದೆರಡು ಸಲ ಕಂಡಿದ್ದೆ. ಕಚೇರಿಯ ಜವಾನ. ಬಿಳಿ ಮೀಸೆ, ತಲೆಗೆ ರುಮಾಲು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ದಿನಾ ಮುಂಜಾನೆ ಎಂಟೂವರೆಗೆ ಅಂಗಳದ ಮಳೆಮಾಪಕದ ನೀರನ್ನು ಗಾಜಿನ ಅಳತೆ ಗ್ಲಾಸಿಗೆ ಸುರಿದು, ಗೆರೆ ನೋಡಿ, ರಿಜಿಸ್ಟರಿಗೆ ಬರೆಯುವುದು ಅವನ ಕೆಲಸ. ಸಾಹೇಬರ ಮಾತು ಕೇಳಿ ನನಗೆ ಎಲ್ಲೋ ಕಸಿವಿಸಿಯಾಯಿತು. ಆದರೂ ನನ್ನ ಲೆಕ್ಕಕ್ಕೆ ಒಂದು ಕಾರಣ ಸಿಕ್ಕಿತಲ್ಲ ಎಂಬ ಸಮಾಧಾನ ಅದಕ್ಕಿಂತ ದೊಡ್ಡದಾಗಿತ್ತು. ಏನೂ ಹೇಳದೆ ಎದ್ದು ಬಂದೆ.

ಮೂರು ವಾರದ ನಂತರ ಒಂದು ಸಹಿಗಾಗಿ ಮತ್ತೆ ಅಲ್ಲಿಗೆ ಹೋದಾಗ ಅಜ್ಜ ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಹುಲ್ಲು ಕೀಳುತ್ತಿದ್ದ. ಮಳೆಮಾಪಕದ ಬೇಲಿಗೆ ಹೊಸ ಬೀಗ ಬಿದ್ದಿತ್ತು. ಅವನಿಗೆ ಮೆಮೊ ಕೊಟ್ಟು, ಮಳೆ ಅಳೆಯುವ ಕೆಲಸವನ್ನು ಗುಮಾಸ್ತರಿಗೆ ವಹಿಸಿದ್ದರು. ನನ್ನನ್ನು ಕಂಡು ಅಜ್ಜ ಎದ್ದು ನಿಂತ. ಸಿಟ್ಟು ಮಾಡಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು.

"ನಿನ್ನ ಚಿತ್ರದಾಗ ನನ್ನ ಸುದ್ದಿ ಐತಂತ, ಹೌದೇನವ್ವಾ?"

ನಾನು ಸಹಿಯ ಕಾಗದವನ್ನು ಚೀಲಕ್ಕೆ ಸೇರಿಸಿದೆ.

"ನಾ ಸುಳ್ಳ ಬರದೀನಿ ಅಂತ ಅದರಾಗ ಐತೇನು?"

"ಇಲ್ಲ ಕಾಕಾ. ಆ ವರ್ಷ ಏನೋ ಬದಲಾಗೇತಿ ಅಂತ ಅಷ್ಟ ಐತಿ."

"ಹಂಗಾರ ಏನ ಬದಲಾಗೇತಿ ಅನ್ನೂದನ್ನೂ ಅದನ್ನ ಕೇಳು," ಎಂದ. "ನನ್ನ ಕೇಳಿದ್ರ ನಾ ಏನ ಹೇಳ್ಲಿ? ಅಕಿ ಉತ್ತರಿ ಮಳ್ಯಾಗ ಹ್ವಾದ್ಲು. ಅವತ್ತೂ ಎಂಟೂವರಿಗೆ ಬಂದು ಬರದಽ ಮಣ್ಣಿಗೆ ಹೋಗೀನಿ. ಒಂದ ದಿನಾ ತಪ್ಪಿಸಿಲ್ಲ."

ಹೇಳಿ ಮತ್ತೆ ಕುಳಿತು ಹುಲ್ಲಿಗೆ ಕೈ ಹಾಕಿದ. ಸಹಿ ಮಾಡಿಸಿಕೊಳ್ಳದೆ ಹಾಗೇ ಬಸ್ಸಿಗೆ ಬಂದು ಕುಳಿತೆ. ನನ್ನ ಪಕ್ಕದಲ್ಲಿ ಜಕ್ಕಲಿಯ ಒಬ್ಬ ಹೆಂಗಸು ಮಡಿಲಲ್ಲಿ ಮೆಣಸಿನಕಾಯಿ ಬುಟ್ಟಿ ಇಟ್ಟುಕೊಂಡಿದ್ದಳು. ನನ್ನ ಕಣ್ಣು ನೋಡಿ, "ಖಾರ ತಾಕ್ತೇನ ತಂಗಿ?" ಎಂದು ಬುಟ್ಟಿಯನ್ನು ಆ ಕಡೆ ಸರಿಸಿಕೊಂಡಳು. ಹೌದೆಂದು ತಲೆ ಅಲ್ಲಾಡಿಸಿದೆ.

ಆ ಮಾತು ನನ್ನನ್ನು ಬಿಡಲಿಲ್ಲ. ಏನು ಬದಲಾಗಿದೆ ಎಂದು ಅದನ್ನೇ ಕೇಳು. ಗೈಡ್ ಸರ್ ಕೂಡ ಇದಕ್ಕಿಂತ ಸರಿಯಾಗಿ ಹೇಳಿರಲಿಲ್ಲ. ನಾನು ಕೇಳಿದ್ದು ಒಂದೇ ಪ್ರಶ್ನೆ, ಯಾವಾಗ ಎಂದು. ಅದನ್ನೂ ಒರಟಾಗಿ ಕೇಳಿದ್ದೆ. ವರ್ಷದ ಮೊತ್ತ ಹಿಡಿದು ಕೇಳಿದರೆ ಉತ್ತರ ವರ್ಷದಲ್ಲೇ ಬರುತ್ತದೆ. ಆ ವರ್ಷದಲ್ಲಿ ಒಬ್ಬನ ಹೆಂಡತಿ ತೀರಿಕೊಂಡಿದ್ದಳು ಎನ್ನುವುದೂ ನಿಜ. ಎರಡೂ ಒಂದೇ ವರ್ಷ ಬಂದವು ಎಂಬ ಕಾರಣಕ್ಕೆ ಒಂದಕ್ಕೊಂದು ಗಂಟು ಹಾಕಿಬಿಟ್ಟಿದ್ದೆವು.

ದಸರೆಯ ರಜೆ ಬಂತು. ಆ ಕಚೇರಿಯಿಂದಲೂ ಉಳಿದ ಮೂರೂರುಗಳಿಂದಲೂ ಮೇಲಕ್ಕೆ ಕಳಿಸಿದ್ದ ದಿನವಹಿ ವರದಿಗಳ ನಕಲನ್ನು ಹುಡುಕಿ ತಂದೆ. ದಿನದ ಮಳೆಯನ್ನು ಹೋಲಿಸಿ ಉಪಯೋಗವಿಲ್ಲ. ಒಂದೂರಲ್ಲಿ ಸುರಿದದ್ದು ಎರಡು ಹರದಾರಿ ಆಚೆ ಹನಿ ಬಿದ್ದಿರುವುದಿಲ್ಲ. ಸ್ವಲ್ಪ ದಿನ ಕೂಡಿಸಿದರೆ ಆ ಏರುಪೇರು ಸಮವಾಗುತ್ತದೆ. ಎಷ್ಟು ದಿನ ಕೂಡಿಸಬೇಕು ಎಂದು ತಲೆ ಕೆಡಿಸಿಕೊಂಡಿದ್ದಾಗ ಅಜ್ಜನ ಉತ್ತರಿ ಮಳೆಯ ಮಾತು ನೆನಪಾಯಿತು. ನಮ್ಮ ರೈತರು ಮಳೆಗಾಲವನ್ನು ನಕ್ಷತ್ರದ ಲೆಕ್ಕದಲ್ಲಿ ಆಗಲೇ ಕತ್ತರಿಸಿ ಇಟ್ಟಿದ್ದಾರೆ. ಮಿರ್ಗ, ಆರಿದ್ರಾ, ಪುನರ್ವಸು, ಪುಷ್ಯ, ಹೀಗೆ ಒಂದೊಂದು ಮಳೆಗೆ ಹದಿಮೂರು ಹದಿನಾಲ್ಕು ದಿನ. ನಾನೂ ಹಾಗೇ ಕತ್ತರಿಸಿದೆ. ಪ್ರತಿ ವರ್ಷದ ಪ್ರತಿ ಮಳೆಗೂ ಒಂದು ಅನುಪಾತ. ಉದ್ದನೆಯ ಸಾಲು ಆಯಿತು.

ಅಂಗಡಿಯ ಹಿಂಬದಿಯ ಕೋಣೆಯಲ್ಲಿ, ಅಬ್ಬಾನ ಸುತ್ತಿಗೆಯ ಸದ್ದು ಕೇಳುತ್ತ, ಕ್ಯಾಲ್ಕ್ಯುಲೇಟರ್ ಹಿಡಿದು ಕುಳಿತೆ. ಸಾಲನ್ನು ಒಂದು ಜಾಗದಲ್ಲಿ ತುಂಡರಿಸಬೇಕು. ಎಡಗಡೆಯದರ ಸರಾಸರಿ, ಬಲಗಡೆಯದರ ಸರಾಸರಿ ತೆಗೆಯಬೇಕು. ಪ್ರತಿಯೊಂದು ಸಂಖ್ಯೆ ತನ್ನ ಕಡೆಯ ಸರಾಸರಿಯಿಂದ ಎಷ್ಟು ದೂರವಿದೆ ಎಂದು ನೋಡಿ, ಆ ದೂರಗಳ ವರ್ಗಗಳನ್ನು ಕೂಡಿಸಬೇಕು. ಆಮೇಲೆ ತುಂಡರಿಸುವ ಜಾಗವನ್ನು ಒಂದು ಮನೆ ಮುಂದೆ ಸರಿಸಿ ಎಲ್ಲವನ್ನೂ ಮತ್ತೆ ಮಾಡಬೇಕು. ಯಾವ ಜಾಗದಲ್ಲಿ ತುಂಡರಿಸಿದರೆ ಆ ಮೊತ್ತ ಎಲ್ಲಕ್ಕಿಂತ ಕಡಿಮೆ ಬರುತ್ತದೋ ಅದೇ ಬದಲಾವಣೆಯ ಬಿಂದು. ಕಾಲೇಜಿನಲ್ಲಿ ಕಂಪ್ಯೂಟರ್ ಇತ್ತು, ರಜೆಯಲ್ಲಿ ಬೀಗ ಹಾಕಿದ್ದರು. ರಜೆ ಮುಗಿಯುವ ತನಕ ಕಾಯುವ ತಾಳ್ಮೆ ನನಗಿರಲಿಲ್ಲ. ಆರು ದಿನ ಹಿಡಿಯಿತು. ಎರಡು ನೋಟ್‌ಬುಕ್ ತುಂಬಿದವು.

ಉತ್ತರ ಬಂದಾಗ ಮೂರು ಸಲ ಕೂಡಿಸಿ ನೋಡಿದೆ. ಆ ವರ್ಷದ ಆರಿದ್ರಾ ಮಳೆಗೂ ಪುನರ್ವಸು ಮಳೆಗೂ ನಡುವೆ. ಅತ್ತಿತ್ತ ಒಂದು ಮಳೆಯಷ್ಟು ಸಂಶಯ ಇಟ್ಟುಕೊಂಡರೂ ಅದಕ್ಕಿಂತ ಮುಂದೆ ಹೋಗುತ್ತಿರಲಿಲ್ಲ. ಅಜ್ಜನ ಹೆಂಡತಿ ತೀರಿಕೊಂಡದ್ದು ಉತ್ತರಿಯಲ್ಲಿ. ಪುನರ್ವಸು, ಪುಷ್ಯ, ಆಶ್ಲೇಷಾ, ಮಘಾ, ಹುಬ್ಬಾ, ಐದು ಮಳೆಗಳಷ್ಟು ಕಾಲ ಆಕೆ ಬದುಕಿದ್ದಾಗಲೇ, ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಗಲೇ, ಅಳತೆ ಕಡಿಮೆಯಾಗಿತ್ತು. ನಾನು ಕುಳಿತಲ್ಲೇ ಅಳು ಬರುವಷ್ಟು ಹಗುರಾದೆ.

ಲೆಕ್ಕ ಅಲ್ಲಿಗೇ ನಿಲ್ಲಲಿಲ್ಲ. ಮನೆಯಲ್ಲಿ ಕುಳಿತು ಊಹಿಸಿ ಬರೆಯುವವನ ಸಂಖ್ಯೆಗಳು ಹೇಗಿರುತ್ತವೆ? ಸುತ್ತಲಿನ ಊರುಗಳ ಮಳೆಯೊಂದಿಗೆ ಅವುಗಳ ಸಂಬಂಧ ಸಡಿಲವಾಗುತ್ತದೆ. ಒಂದು ಸಲ ಬಹಳ ಹೆಚ್ಚು, ಒಂದು ಸಲ ಬಹಳ ಕಡಿಮೆ. ಅಂದರೆ ಮಟ್ಟ ಇಳಿದರೆ ಸಾಲದು, ಚದುರುವಿಕೆ ಹೆಚ್ಚಬೇಕು. ಅದನ್ನೂ ಎರಡೂ ಕಡೆ ಅಂದಾಜು ಮಾಡಿದೆ. ಇಳಿದ ಮಟ್ಟದ ಲೆಕ್ಕ ಹಿಡಿದು ನೋಡಿದರೆ ಚದುರುವಿಕೆ ಮೊದಲು ಎಷ್ಟಿತ್ತೋ ಆಮೇಲೂ ಹೆಚ್ಚುಕಡಿಮೆ ಅಷ್ಟೇ. ಅಜ್ಜ ದಿನಾ ಮುಂಜಾನೆ ಬಂದಿದ್ದಾನೆ, ದಿನಾ ನೋಡಿದ್ದಾನೆ, ಕಂಡದ್ದನ್ನೇ ಬರೆದಿದ್ದಾನೆ. ಆದರೂ ಪ್ರತಿ ಸಲವೂ ಅದೇ ಪಾಲು ಕಡಿಮೆ. ಬದಲಾವಣೆಗೆ ಮೊದಲಿನ ಮಟ್ಟದಿಂದ ಆಮೇಲಿನದನ್ನು ಭಾಗಿಸಿದರೆ ಸೊನ್ನೆ ದಶಾಂಶ ಆರು ಮೂರು.

ಹೊರಗೆ ಬಂದು ಅಬ್ಬಾನಿಗೆ ಹೇಳಿದೆ. "ಹತ್ತು ಅಂತ ಬರೀಬೇಕಾದಲ್ಲೆ ಆರೂ ಚಿಲ್ರಿ ಬರದಾನ. ಮಳಿ ಸಣ್ಣದಿರ್ಲಿ, ದೊಡ್ಡದಿರ್ಲಿ, ಅದಽ ಪಾಲು."

ಅಬ್ಬಾ ಕೈಯಲ್ಲಿದ್ದ ಮಾಪನ್ನು ಕೆಳಗಿಟ್ಟ. "ಯಾವಾಗ್ಲೂ ಅಷ್ಟಽ ಕಡಿಮಿ ಅಂದ್ರ ಅದು ಮನಿಷ್ಯಾನ ಕೆಲಸ ಅಲ್ಲ ಬೇಟಿ, ಮಾಪಿಂದು. ಮನಿಷ್ಯಾ ಮೋಸ ಮಾಡಿದ್ರ ಒಂದಿನ ಹೆಚ್ಚ ಮಾಡ್ತಾನ, ಒಂದಿನ ಕಡಿಮಿ ಮಾಡ್ತಾನ. ಅಷ್ಟ ಶಿಸ್ತ ಅವಗ ಎಲ್ಲಿಂದ ಬರಬೇಕು? ಆ ಡಬ್ಬಿ ಬಾಯಿ ಎಷ್ಟ ಅಗಲ ಐತಿ?"

ಗೊತ್ತಿರಲಿಲ್ಲ. ವರ್ಷಗಟ್ಟಲೆಯ ಮಳೆಯನ್ನು ಪಟ್ಟಿ ಮಾಡಿದ್ದವಳು ಮಳೆ ಬೀಳುವ ಡಬ್ಬಿಯನ್ನು ಒಂದು ದಿನವೂ ಹತ್ತಿರದಿಂದ ನೋಡಿರಲಿಲ್ಲ.

ಸೋಮವಾರ ಅಬ್ಬಾ ಅಂಗಡಿ ಮುಚ್ಚಿ ನನ್ನ ಜೊತೆ ಹೊರಟ. ಅವನು ಅಂಗಡಿ ಮುಚ್ಚುವುದು ಈದಿಗೆ, ಬಿಟ್ಟರೆ ಯಾರದಾದರೂ ಮಣ್ಣಿಗೆ. ಕಿಸೆಯಲ್ಲಿ ಅಡಿಪಟ್ಟಿ, ಒಳಬಾಯಿ ಅಳೆಯುವ ಕಬ್ಬಿಣದ ಕೈವಾರ.

ಸಾಹೇಬರು ನಮ್ಮನ್ನು ನೋಡಿ ಖುರ್ಚಿ ಹಾಕಿಸಿದರು. ನಾನು ಮಾತು ಶುರುಮಾಡುವ ಮೊದಲು ಒಂದು ಚೀಟಿ ಅವರ ಕೈಗೆ ಕೊಟ್ಟೆ. ಅದರಲ್ಲಿ ಎರಡೇ ಸಾಲು ಬರೆದಿದ್ದೆ. ಬದಲಾದದ್ದು ಆ ವರ್ಷದ ಆರಿದ್ರಾ ಮಳೆಗೂ ಪುನರ್ವಸು ಮಳೆಗೂ ನಡುವೆ. ಬದಲಾದದ್ದು ಮನುಷ್ಯನಲ್ಲ, ಅಳೆಯುವ ಸಾಮಾನು.

"ಆ ವರ್ಷದ ಮೂಲ ರಿಜಿಸ್ಟರ್ ತರಸ್ರಿ ಸರ್," ಎಂದೆ. "ನಾನು ಇವತ್ತಿನ ತನಕ ಅದನ್ನ ನೋಡಿಲ್ಲ. ನಕಲು ಅಷ್ಟ ನೋಡೀನಿ. ನನ್ನ ಲೆಕ್ಕ ಸುಳ್ಳಾದ್ರ ಇಲ್ಲೇ ಕ್ಷಮಾ ಕೇಳಿ ಹೋಗ್ತೀನಿ."

ಅವರು ಚೀಟಿಯನ್ನು ಎರಡು ಸಲ ಓದಿದರು. ಗುಮಾಸ್ತರು ಕಪಾಟಿನಿಂದ ಧೂಳು ಝಾಡಿಸಿ ರಿಜಿಸ್ಟರ್ ತಂದರು. ಸಾಹೇಬರೇ ಹಾಳೆ ತಿರುವಿದರು. ಪುಸ್ತಕದ ನದಿಯಲ್ಲಿ ಉತ್ತರ ತಪ್ಪಾದರೆ ಯಾರಿಗೂ ಏನೂ ಆಗುವುದಿಲ್ಲ. ಇಲ್ಲಿ ಬಾಗಿಲ ಹೊರಗೆ ಒಬ್ಬ ಹುಲ್ಲು ಕೀಳುತ್ತಿದ್ದ.

ಸಾಹೇಬರ ಬೆರಳು ಒಂದು ಕಡೆ ನಿಂತಿತು. ಅವರು ಓದಲಿಲ್ಲ, ರಿಜಿಸ್ಟರನ್ನೇ ನನ್ನ ಕಡೆ ತಿರುಗಿಸಿದರು. ಅಂಚಿನಲ್ಲಿ ಅಜ್ಜನ ದಪ್ಪ ಅಕ್ಷರ: "ಹಳೇ ಗ್ಲಾಸು ಸೀಳಿತು. ಇವತ್ತಿಂದ ಹೊಸಾ ಗ್ಲಾಸು." ಅದು ಆರಿದ್ರಾ ಮಳೆಯ ಕೊನೆಯ ದಿನ.

ಆಮೇಲೆ ಸಾಹೇಬರು ತಾವಾಗಿಯೇ ಹಾಳೆಗಳನ್ನು ಮುಂದಕ್ಕೆ ತಿರುವಿ ಉತ್ತರಿಗೆ ಬಂದರು. ಅಜ್ಜನ ಹೆಂಡತಿ ತೀರಿಕೊಂಡ ದಿನ. ಅಂಕಿ ಇತ್ತು, ಸಮಯ ಇತ್ತು, ಎಂಟೂವರೆ. ಅಕ್ಷರ ಮಾತ್ರ ನಡುಗಿ ಗೆರೆ ಬಿಟ್ಟು ಕೆಳಗಿಳಿದಿತ್ತು.

"ಅವನ್ನ ಕರೀರಿ," ಎಂದರು.

ಅಜ್ಜ ಮಣ್ಣಿನ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತ. ಬೇಲಿಯ ಬೀಗ ತೆಗೆಸಿ ಎಲ್ಲರೂ ಅಂಗಳಕ್ಕೆ ಹೋದೆವು. ಅಬ್ಬಾ ಮಳೆಮಾಪಕದ ಮುಂದೆ ಕುಳಿತು, ಅದರ ಹಿತ್ತಾಳೆ ಬಾಯಿಯೊಳಗೆ ಕೈವಾರ ಇಳಿಸಿ, ಅಡಿಪಟ್ಟಿಗೆ ಹಿಡಿದ. "ಐದ ಇಂಚು. ಚಲೋ ಕೆಲಸಗಾರನ ಕೈ ಇದು," ಎಂದು ಅಂಚನ್ನು ಬೆರಳಿಂದ ಸವರಿದ. ಐದು ಇಂಚಿನ ದುಂಡು ಬಾಯಿ ಎಂದರೆ ಸುಮಾರು ನೂರ ಇಪ್ಪತ್ತೇಳು ಚದರ ಸೆಂಟಿಮೀಟರ್. ನಾನು ಅಳತೆಯ ಗ್ಲಾಸನ್ನು ಬಿಸಿಲಿಗೆ ಹಿಡಿದು ತಿರುಗಿಸಿದೆ. ಬುಡದ ಹತ್ತಿರ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಬರೆದಿತ್ತು: ಇನ್ನೂರು ಚದರ ಸೆಂಟಿಮೀಟರ್ ಬಾಯಿಯ ಮಾಪಕಕ್ಕೆ. ಹೊಸ ಕಾಲದ ದೊಡ್ಡ ಬಾಯಿಯ ಮಳೆಮಾಪಕದ ಗ್ಲಾಸು ಹಳೆಯ ಐದಿಂಚಿನ ಮಾಪಕಕ್ಕೆ ಬಂದು ಸೇರಿತ್ತು. ಸಣ್ಣ ಬಾಯಿಗೆ ಬಿದ್ದ ಕಡಿಮೆ ನೀರು ಅದರ ಗೆರೆಗಳಲ್ಲಿ ಕಡಿಮೆ ಮಳೆಯಾಗಿ ಕಾಣುತ್ತಿತ್ತು. ಕಳಿಸಿದವರು ನೋಡಿರಲಿಲ್ಲ, ಇಳಿಸಿಕೊಂಡವರು ನೋಡಿರಲಿಲ್ಲ. ಇಂಗ್ಲಿಷ್ ಬಾರದ ಅಜ್ಜ ಗೆರೆ ನೋಡಿ ಗೆರೆ ಬರೆದಿದ್ದ.

ನೂರ ಇಪ್ಪತ್ತೇಳನ್ನು ಇನ್ನೂರರಿಂದ ಭಾಗಿಸಲು ನನಗೆ ಕ್ಯಾಲ್ಕ್ಯುಲೇಟರ್ ಬೇಕಾಗಲಿಲ್ಲ. ಸೊನ್ನೆ ದಶಾಂಶ ಆರು ಮೂರು, ಮೇಲೆ ಐದು. ನನ್ನ ನೋಟ್‌ಬುಕ್ಕಿನ ಕೊನೆಯ ಪುಟದ ಸಂಖ್ಯೆ. ಆರು ದಿನ ಕುಳಿತು, ಒಂದೂ ಡಬ್ಬಿ ನೋಡದೆ, ಒಂದೂ ಗ್ಲಾಸು ಮುಟ್ಟದೆ ನಾನು ಕಂಡುಹಿಡಿದಿದ್ದ ಸಂಖ್ಯೆ ಅಂಗಳದ ಬಿಸಿಲಲ್ಲಿ ಗಾಜಿನ ಮೇಲೆ ನಿಂತಿತ್ತು. ನಾನು ನಕ್ಕೆನೋ ಕೂಗಿದೆನೋ ನೆನಪಿಲ್ಲ. ಅಬ್ಬಾ ನನ್ನ ಭುಜ ಹಿಡಿದುಕೊಂಡದ್ದು ನೆನಪಿದೆ.

ಸಾಹೇಬರಿಗೆ ಲೆಕ್ಕ ಸಾಕಾಗಲಿಲ್ಲ, ಕಣ್ಣಾರೆ ನೋಡಬೇಕು ಎಂದರು. ಅದು ಸರಿಯಾದ ಮಾತು. ಹತ್ತಿರದ ದವಾಖಾನೆಯಿಂದ ದೊಡ್ಡ ಸಿರಿಂಜು ತರಿಸಿದರು. ಆ ಬಾಯಿಯ ಮೇಲೆ ಸರಿಯಾಗಿ ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಎಷ್ಟು ನೀರಾಗುತ್ತದೋ ಅಷ್ಟನ್ನು, ನೂರ ಇಪ್ಪತ್ತೇಳು ಮಿಲಿಲೀಟರನ್ನು, ಗುಮಾಸ್ತರು ಎಣಿಸಿ ಎಣಿಸಿ ಮಾಪಕಕ್ಕೆ ಬಿಟ್ಟರು. ಅಜ್ಜ ಎಂದಿನಂತೆ ನೀರನ್ನು ಗ್ಲಾಸಿಗೆ ಸುರಿದ, ಎಂದಿನಂತೆ ಗ್ಲಾಸನ್ನು ಕಣ್ಣಿನ ಮಟ್ಟಕ್ಕೆ ಹಿಡಿದ.

"ಎಷ್ಟೈತಿ?" ಸಾಹೇಬರು ಕೇಳಿದರು.

"ಆರು ದಾಟೇತ್ರಿ. ಆರೂವರಿ ಆಗಿಲ್ಲ."

"ಬಿದ್ದದ್ದು ಹತ್ತು ಅಜ್ಜಾರ."

ಅಜ್ಜ ಗ್ಲಾಸನ್ನೂ ನಮ್ಮೆಲ್ಲರ ಮುಖಗಳನ್ನೂ ನೋಡಿದ. ಅವನಿಗೆ ತಿಳಿಯಲು ಅರೆಗಳಿಗೆ ಬೇಕಾಯಿತು. ತಿಳಿದ ಮೇಲೆ ಅವನು ಹೇಳಿದ ಮೊದಲ ಮಾತು ತನ್ನ ಬಗ್ಗೆ ಆಗಿರಲಿಲ್ಲ.

"ಅಂದ್ರ ಇಷ್ಟ ವರ್ಷ ನಮ್ಮೂರಾಗ ಮಳಿ ಚಲೋನ ಆಗೇತಿ? ಎಲ್ಲಾರೂ ಕಡಿಮ್ಯಾತು ಅಂತಿದ್ರು, ನಾನೂ ಹಂಗ ತಿಳಕೊಂಡಿದ್ದೆ!"

ಸಾಹೇಬರು ಅಂಗಳದಲ್ಲೇ, ಕಚೇರಿಯ ಎಲ್ಲರೂ ಕಿಟಕಿಯಿಂದ ನೋಡುತ್ತಿದ್ದಂತೆ, ಅಜ್ಜನ ಎರಡೂ ಕೈ ಹಿಡಿದರು. "ನಾ ನಿಮಗ ಅನ್ಯಾಯ ಮಾಡೀನಿ. ತಪ್ಪಾತು," ಎಂದರು. ಸುತ್ತಿ ಬಳಸಲಿಲ್ಲ. ಬೇಲಿಯ ಬೀಗದ ಕೈಯನ್ನು ಅಲ್ಲೇ ಅಜ್ಜನಿಗೆ ಕೊಟ್ಟರು. ನಾನೂ ಅವನ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಅಜ್ಜ ನನ್ನ ತಲೆಯ ಮೇಲೆ ಕೈಯಿಟ್ಟು, "ಕೇಳು ಅಂದೆ, ಕೇಳಿದಿ. ಮತ್ತೇನ ಬೇಕು?" ಎಂದ. ಆಮೇಲೆ ಅಬ್ಬಾನ ಕಡೆ ತಿರುಗಿ, "ಹುಡುಗಿಗೆ ಚಲೋ ಸಾಲಿ ಕಲಿಸೀರಿ ಸಾಹುಕಾರ್ರ," ಎಂದ. ಯಾರೂ ಯಾವತ್ತೂ ಸಾಹುಕಾರ ಎನ್ನದ ಅಬ್ಬಾ ಬಸ್ಸಿನಲ್ಲಿ ಗಜೇಂದ್ರಗಡದವರೆಗೂ ಒಬ್ಬನೇ ನಗುತ್ತ ಬಂದ.

ಮೆಮೊ ರದ್ದಾಯಿತು. ಸರಿಯಾದ ಗ್ಲಾಸು ಬಂತು. ಅಜ್ಜ ಬರೆದಿದ್ದ ಅಷ್ಟೂ ವರ್ಷಗಳ ಅಂಕಿಗಳನ್ನು ತಿದ್ದಬೇಕೆಂದು ಸಾಹೇಬರು ಮೇಲಕ್ಕೆ ಕಾಗದ ಬರೆದರು. ಪಟ್ಟಿ ತಯಾರಿಸುವ ಕೆಲಸ ನನಗೆ ಬಂತು. ತಿದ್ದಿದ ಅಂಕಿಗಳನ್ನು ಹಾಕಿ ಗ್ರಾಫ್ ಮತ್ತೆ ಬರೆದೆ. ಮೆಟ್ಟಿಲು ಮಾಯವಾಗಿ, ಸಾಲು ಮೊದಲಿಂದ ಕೊನೆಯ ತನಕ ಒಂದರ ಆಸುಪಾಸಿನಲ್ಲಿ ಹರಿಯಿತು. ಮೊದಲು ಬರೆದಿದ್ದ ಚೆಲುವಾದ ಚಿತ್ರಕ್ಕಿಂತ ಈ ಸಪಾಟು ಚಿತ್ರ ನನಗೆ ಹೆಚ್ಚು ಪ್ರಿಯವಾಯಿತು. ಪ್ರಬಂಧದಲ್ಲಿ ಎರಡನ್ನೂ ಎದುರುಬದುರು ಪುಟದಲ್ಲಿ ಹಾಕಿದೆ.

ವೈವಾ ದಿನ ಹೊರಗಿನಿಂದ ಬಂದಿದ್ದ ಪರೀಕ್ಷಕರು ಪುಟ ತಿರುವುತ್ತ ಕೇಳಿದರು. "ಅಂದಾಜು ಮಾಡಿದ ಬಿಂದು ಇದು. ನಿಜವಾದ ಬಿಂದು ಯಾವುದು ಅಂತ ಸಾಮಾನ್ಯವಾಗಿ ಯಾರಿಗೂ ಗೊತ್ತಿರೋದಿಲ್ಲ. ನಿಮ್ಮ ಅಂದಾಜು ಸರಿ ಅಂತ ಹೇಗೆ ಹೇಳ್ತೀರಿ?"

ನಾನು ಚೀಲದಿಂದ ರಿಜಿಸ್ಟರಿನ ಆ ಪುಟದ ನೆರಳಚ್ಚನ್ನು ತೆಗೆದು ಅವರ ಮುಂದಿಟ್ಟೆ. ಅವರು ಅಂಚಿನ ಅಕ್ಷರಗಳನ್ನು ಓದಿದರು. ಗ್ಲಾಸಿನ ಕಥೆ ಹೇಳಿದೆ. ಅವರು ಗೈಡ್ ಸರ್ ಕಡೆ ನೋಡಿ, "ಮೂವತ್ತು ವರ್ಷ ಇದನ್ನ ಕಲಿಸಿದ್ದೀನಿ. ಉತ್ತರ ಹೋಗಿ ಮುಟ್ಟಿ ನೋಡಿದವರನ್ನ ಇವತ್ತೇ ಕಂಡದ್ದು," ಎಂದರು. ಗೈಡ್ ಸರ್ ಕನ್ನಡಕ ಒರೆಸಿಕೊಂಡರು. ಹೊರಗೆ ಬಂದ ಮೇಲೆ ನನಗೆ ತಮ್ಮ ಖರ್ಚಿನಲ್ಲಿ ಒಂದು ಪೇಢೆಯ ಡಬ್ಬಿ ಕೊಡಿಸಿ, "ಅರ್ಧಾ ಆ ಅಜ್ಜಗ," ಎಂದರು.

ಮುಂದಿನ ಮಳೆಗಾಲಕ್ಕೆ ಮೊದಲು ನರಗುಂದದಲ್ಲಿ ಮಳೆ ಅಳೆಯುವವರ ಒಂದು ದಿನದ ತರಬೇತಿ ಇಟ್ಟರು. ಉಪನ್ಯಾಸಕ್ಕೆ ನನ್ನನ್ನು ಕರೆದಿದ್ದರು. ನಾನು ಅಜ್ಜನನ್ನು ಕರೆದುಕೊಂಡು ಹೋದೆ. ಸುತ್ತಲಿನ ಊರುಗಳಿಂದ ಬಂದ ಹದಿನೈದು ಇಪ್ಪತ್ತು ಜನ, ಒಬ್ಬೊಬ್ಬರ ಕೈಯಲ್ಲೂ ತಮ್ಮ ತಮ್ಮ ಗ್ಲಾಸು. ನಾನು ಹಲಗೆಯ ಮೇಲೆ ಚಿತ್ರ ಬರೆದು ಹತ್ತು ನಿಮಿಷ ಮಾತಾಡಿದೆ. ಎರಡನೆಯ ಸಾಲಿನಲ್ಲಿ ಒಬ್ಬರು ಆಕಳಿಸಿದರು. ಆಗ ಅಜ್ಜ ಎದ್ದು ಬಂದ. ಹೊಸ ರುಮಾಲು ಸುತ್ತಿದ್ದ.

"ಅಕಿ ಹೇಳಿದ್ದು ಖರೇ ಐತಿ, ಆದ್ರ ಉದ್ದ ಆತು," ಎಂದ. ಎಲ್ಲರೂ ನಕ್ಕರು. "ಗ್ಲಾಸ ತಿರುಗಿಸ್ರಿ. ಬುಡದಾಗ ಏನ ಬರದೈತಿ ನೋಡ್ರಿ. ಓದಾಕ ಬರಲಿಲ್ಲಂದ್ರ ಓದಾಕ ಬರೂ ಮಂದಿಗೆ ತೋರಸ್ರಿ, ನಾಚಬ್ಯಾಡ್ರಿ. ನಾ ನಾಚಿ ಕೇಳಲಿಲ್ಲ."

ಅಷ್ಟೂ ಗ್ಲಾಸುಗಳು ಒಮ್ಮೆಗೇ ಕಿಟಕಿಯ ಬೆಳಕಿಗೆ ಎದ್ದವು. ಆ ದಿನ ಮತ್ತೆ ಎರಡು ತಪ್ಪು ಗ್ಲಾಸುಗಳು ಸಿಕ್ಕವು. ಅಜ್ಜ ಎರಡನ್ನೂ ತನ್ನ ಮುಂದೆ ಸಾಲಾಗಿ ಇಟ್ಟುಕೊಂಡು, ಅವುಗಳ ಒಡೆಯರನ್ನು ಬಾಜೂ ಕೂಡಿಸಿಕೊಂಡು, ಊಟದ ಹೊತ್ತು ಮೀರಿದರೂ ಬಿಡದೆ, ಯಾವತ್ತಿಂದ ಇದನ್ನು ಬಳಸಲು ಹತ್ತಿದಿರಿ ಎಂದು ವಿಚಾರಿಸುತ್ತಿದ್ದ. ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಅವರು ಹೇಳಿದ್ದನ್ನು ಬರೆದುಕೊಂಡೆ.